ಮಸೂರದ ಉಬ್ಬು ಮತ್ತು ನಮ್ಮ ನೋಟ

ಪಂಚೇಂದ್ರಿಯಗಳಲ್ಲಿ ಕಣ್ಣೇ ಮಿಗಿಲಾದುದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೂ ಆ ಕಣ್ಣಿಗೆ ಊರುಗೋಲಾಗಿ ಬಂದ ಕನ್ನಡಕದ ವಿಷಯದಲ್ಲಿ ನಮ್ಮ ಜನಕ್ಕಿರುವ ತಪ್ಪು ತಿಳಿವಳಿಕೆ ಅಷ್ಟಿಷ್ಟಲ್ಲ. ತೆಳುವಾದ ಗಾಜು ಹಾಕಿದವನ ಕಣ್ಣು ಅಷ್ಟೇನೂ ಕೆಟ್ಟಿಲ್ಲವೆಂದೂ, ದಪ್ಪ ಗಾಜು ಹಾಕಿದವನ ಕಣ್ಣು ಪೂರ್ತಿ ಹೋಗಿಬಿಟ್ಟಿದೆಯೆಂದೂ ನೋಡಿದ ಕೂಡಲೇ ತೀರ್ಪು ಕೊಡುವವರಿದ್ದಾರೆ. ದಪ್ಪ ಗಾಜಿನವನಿಗೆ ಸಹಪಾಠಿಗಳು ‘ಸೋಡಾಬುಡ್ಡಿ’ ಎಂಬ ಬಿರುದನ್ನು ಪುಕ್ಕಟೆಯಾಗಿ ದಯಪಾಲಿಸುತ್ತಾರೆ. ಈ ಬಿರುದಿಗೆ ಅಂಜಿ ಕನ್ನಡಕವನ್ನು ಜೇಬಿನಲ್ಲಿಯೇ ಇಟ್ಟುಕೊಂಡು, ಹಿಂದಿನ ಬೆಂಚಿನಿಂದ ಕರಿಹಲಗೆಯತ್ತ ಕಣ್ಣು ಕಿರಿದುಮಾಡಿ ನೋಡುತ್ತ, ಕೊನೆಗೆ ಪಕ್ಕದವನ ಟಿಪ್ಪಣಿಯನ್ನು ನಕಲು ಮಾಡಿಕೊಳ್ಳುವ ವಿದ್ಯಾರ್ಥಿಗಳು ಯಾವ ಕಾಲೇಜಿಗೂ ಹೊಸಬರಲ್ಲ. ಹೀಗಿರುವಲ್ಲಿ, ಮಸೂರದ ದಪ್ಪವೆಂದರೇನು, ಅದು ಬೆಳಕಿಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ವಿಚಾರಿಸಿ ನೋಡುವುದು ಅನುಚಿತವಾಗಲಾರದು. ನಾವು ಕಲಾವಿಭಾಗದವರಾದುದರಿಂದ ಸಮೀಕರಣಗಳ ಗೊಡವೆಗೆ ಹೋಗುವುದು ಬೇಡ. ಕೂಡಿ ಕಳೆಯುವ ಲೆಕ್ಕವಷ್ಟೇ ಸಾಕು.

ಮೊದಲು ಹೆಸರಿನಿಂದಲೇ ಹೊರಡೋಣ. ಮಸೂರವೆಂಬುದು ಒಂದು ಕಾಳಿನ ಹೆಸರು. ಮೈಸೂರು ಸೀಮೆಯಲ್ಲಿ ಇದನ್ನೇ ಚನ್ನಂಗಿ ಎನ್ನುತ್ತಾರೆ. ಇಂಗ್ಲಿಷಿನ ‘ಲೆನ್ಸ್’ ಎಂಬ ಪದವೂ ಲ್ಯಾಟಿನ್ ಭಾಷೆಯಲ್ಲಿ ಇದೇ ಕಾಳಿಗಿರುವ ಹೆಸರೇ. ಇಡೀ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರೆ ಎರಡು ಕಡೆಯೂ ಉಬ್ಬಿ, ಅಂಚಿನಲ್ಲಿ ತೆಳ್ಳಗಾಗಿರುವುದು ಕಾಣುತ್ತದೆ. ಬೇಳೆ ಮಾಡಿದಾಗ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಈ ಕಾಳನ್ನೂ ಈ ಬೇಳೆಯನ್ನೂ ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು; ಮುಂದೆ ಲೆಕ್ಕಕ್ಕೆ ಬರುತ್ತವೆ.

ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗದಲ್ಲಿ ಓಡುತ್ತದೆ. ಗಾಳಿಯಲ್ಲಿಯೂ ಹೆಚ್ಚು ಕಡಮೆ ಅಷ್ಟೇ. ಗಾಜನ್ನು ಹೊಕ್ಕಾಗ ಆ ವೇಗ ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಈ ಎರಡು ವೇಗಗಳ ಪ್ರಮಾಣವಾದ 1.5 ಎಂಬ ಸಂಖ್ಯೆಯೇ ಗಾಜಿನ ವಕ್ರೀಭವನಾಂಕ. ನೀರಿಗೆ ಇದು 1.33. ವೇಗ ತಗ್ಗಿದರೆ ಕಿರಣವೇಕೆ ಬಾಗಬೇಕು? ಎನ್.ಸಿ.ಸಿ. ಹುಡುಗರ ತಂಡವೊಂದು ಕೈ ಕೈ ಹಿಡಿದು ಒಂದೇ ಸಾಲಾಗಿ ಗಟ್ಟಿನೆಲದ ಮೇಲೆ ನಡೆದು ಬರುತ್ತಿದೆಯೆಂದು ಭಾವಿಸಿ. ಎದುರಿಗೆ ಕೆಸರುಗದ್ದೆ. ತಂಡವು ಗದ್ದೆಯನ್ನು ನೇರವಾಗಿ ಹೊಕ್ಕರೆ ಎಲ್ಲರ ನಡಿಗೆಯೂ ಒಮ್ಮೆಗೇ ನಿಧಾನವಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ಓರೆಯಾಗಿ ಹೊಕ್ಕರೆ ಒಂದು ತುದಿಯ ಹುಡುಗರು ಮೊದಲು ಕೆಸರಿಗೆ ಸಿಕ್ಕಿ ಹಿಂದೆ ಬೀಳುತ್ತಾರೆ, ಇನ್ನೊಂದು ತುದಿಯವರು ಗಟ್ಟಿನೆಲದ ಮೇಲೆ ಹಿಂದಿನಂತೆಯೇ ಬೀಸುಹೆಜ್ಜೆ ಹಾಕುತ್ತಿರುತ್ತಾರೆ. ಇದರಿಂದ ಇಡೀ ಸಾಲೇ ತಿರುಗಿ ಬೇರೆ ದಿಕ್ಕನ್ನು ಹಿಡಿಯುತ್ತದೆ. ಬೆಳಕಿನ ವಕ್ರೀಭವನವೂ ಹೀಗೆಯೇ. ಎಷ್ಟು ಓರೆಯಾಗಿ ಬಂದರೆ ಎಷ್ಟು ಬಾಗುತ್ತದೆ ಎಂಬ ನಿಯಮವನ್ನು ಹಾಲೆಂಡಿನ ಸ್ನೆಲ್ ಎಂಬಾತನು 1621ರಲ್ಲಿ ಕಂಡುಹಿಡಿದನು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಿರಣವು ಬಾಗುವುದು ಗಾಜಿನ ಒಡಲಿನಲ್ಲಲ್ಲ, ಮೈಮೇಲೆ. ಗಾಳಿಯಿಂದ ಗಾಜಿಗೆ ಹೊಗುವಾಗ ಒಮ್ಮೆ, ಗಾಜಿನಿಂದ ಗಾಳಿಗೆ ಹೊರಡುವಾಗ ಒಮ್ಮೆ. ನಡುವೆ ಎಷ್ಟು ದೂರವಿದ್ದರೂ ಅದು ನೆಟ್ಟಗೆ ಸಾಗುತ್ತದೆ. ಆದುದರಿಂದಲೇ ಮೇಜಿನ ಮೇಲೆ ಹಾಸುವ ಗಾಜಿನ ಹಲಗೆ ಎಷ್ಟೇ ದಪ್ಪವಾಗಿದ್ದರೂ ಅದರಡಿಯ ಅಕ್ಷರಗಳು ಮಸೂರದಲ್ಲಿ ಕಂಡಂತೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದರ ಎರಡು ಮುಖಗಳೂ ಸಮಾನಾಂತರವಾಗಿರುವುದರಿಂದ ಮೊದಲ ಮುಖ ಎಷ್ಟು ಬಾಗಿಸಿತೋ ಎರಡನೆಯ ಮುಖ ಅಷ್ಟನ್ನೇ ತಿರುಗಿ ನೆಟ್ಟಗೆ ಮಾಡಿಬಿಡುತ್ತದೆ. ಕಿರಣ ಕೊಂಚ ಪಕ್ಕಕ್ಕೆ ಸರಿದಿರುತ್ತದೆ, ಅಷ್ಟೆ. ಬರಿಯ ದಪ್ಪಕ್ಕೆ ಕಿರಣಗಳನ್ನು ಒಂದೆಡೆ ಕೂಡಿಸುವ ಶಕ್ತಿಯಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈಗ ಎರಡು ಮುಖಗಳು ಸಮಾನಾಂತರವಾಗಿರದೆ ಬೆಣೆಯಂತೆ ಒಂದು ಕಡೆಗೆ ಕೂಡಿಕೊಂಡಿವೆಯೆನ್ನಿ. ಆಗ ಎರಡನೆಯ ಮುಖವು ಮೊದಲನೆಯದರ ಕೆಲಸವನ್ನು ಅಳಿಸಲಾರದು; ಕಿರಣವು ಬೆಣೆಯ ದಪ್ಪ ತುದಿಯ ಕಡೆಗೆ ಬಾಗಿ ಹೊರಬೀಳುತ್ತದೆ. ಇದೇ ಪಟ್ಟಕ. ಮಸೂರವೆಂದರೆ ಇಂತಹ ಬೆಣೆಗಳನ್ನು ಸುತ್ತಲೂ ಜೋಡಿಸಿದ ಒಂದು ವ್ಯವಸ್ಥೆ. ಅದರ ನಟ್ಟನಡುವೆ ಮುಖಗಳು ಸಮಾನಾಂತರ. ಅಲ್ಲಿ ಹೊಕ್ಕ ಕಿರಣ ನೇರವಾಗಿ ಹೋಗುತ್ತದೆ. ಅಂಚಿಗೆ ಹೋದಂತೆಲ್ಲ ಮುಖಗಳ ಓರೆ ಹೆಚ್ಚುತ್ತದೆ, ಬಾಗುವಿಕೆಯೂ ಹೆಚ್ಚುತ್ತದೆ. ನಡು ಉಬ್ಬಿದ ಪೀನ ಮಸೂರದಲ್ಲಿ ಎಲ್ಲ ಕಿರಣಗಳೂ ನಡುವಿನ ಕಡೆಗೆ ಬಾಗಿ ಒಂದು ಸಂಗಮಬಿಂದುವಿನಲ್ಲಿ ಕೂಡುತ್ತವೆ. ಭೂತಗನ್ನಡಿಯಿಂದ ಬಿಸಿಲನ್ನು ಕೂಡಿಸಿ ಕಾಗದ ಸುಡುವ ಆಟ ಯಾರಿಗೆ ತಿಳಿಯದು? ನಡು ತಗ್ಗಾಗಿ ಅಂಚು ದಪ್ಪವಾಗಿರುವ ನಿಮ್ನ ಮಸೂರದಲ್ಲಿ ಕಿರಣಗಳು ಅಂಚಿನ ಕಡೆಗೆ ಬಾಗಿ ಚೆದರುತ್ತವೆ.

ಮಸೂರದಿಂದ ಸಂಗಮಬಿಂದುವಿಗೆ ಇರುವ ದೂರವೇ ಸಂಗಮದೂರ. 1872ರಲ್ಲಿ ಫ್ರಾನ್ಸಿನ ಕಣ್ಣಿನ ವೈದ್ಯ ಮೊನೊಯೇ ಎಂಬಾತನು ಡಯಾಪ್ಟರ್ ಎಂಬ ಅಳತೆಯನ್ನು ಸೂಚಿಸಿದನು. ಸಂಗಮದೂರವನ್ನು ಮೀಟರಿನಲ್ಲಿ ಅಳೆದು ಅದರಿಂದ 1ನ್ನು ಭಾಗಿಸಿದರೆ ಡಯಾಪ್ಟರ್ ಬರುತ್ತದೆ. ಕನ್ನಡಕದ ಅಂಗಡಿಯವರು ‘ನಂಬರು’ ಎನ್ನುವುದು ಇದನ್ನೇ. ಪೀನಕ್ಕೆ ಕೂಡುಚಿಹ್ನೆ, ನಿಮ್ನಕ್ಕೆ ಕಳೆಯುವ ಚಿಹ್ನೆ. ಮನೆಯಲ್ಲಿ ಅಜ್ಜಿಯ ಓದುವ ಕನ್ನಡಕವನ್ನು ಗೋಡೆಯ ಮುಂದೆ ಹಿಡಿದು, ಕಿಟಕಿಯಾಚೆಯ ದೂರದ ಮರದ ಬಿಂಬ ಗೋಡೆಯ ಮೇಲೆ ಸ್ಪಷ್ಟವಾಗಿ ತಲೆಕೆಳಗಾಗಿ ಮೂಡುವಂತೆ ಮಾಡಿ. ಆಗ ಗೋಡೆಗೂ ಗಾಜಿಗೂ ಅರ್ಧ ಮೀಟರು ದೂರವಿದ್ದರೆ ಅಜ್ಜಿಯ ನಂಬರು +2 ಎಂದು ತಿಳಿಯಬಹುದು.

ಇನ್ನು ನಮ್ಮ ಕಾಳು ಬೇಳೆಗಳಿಗೆ ಬರೋಣ. 10 ಸೆಂಟಿಮೀಟರು ತ್ರಿಜ್ಯದ ಗೋಳದ ತುಣುಕಿನಂತೆ ಉಬ್ಬಿರುವ ಒಂದು ಗಾಜಿನ ‘ಬೇಳೆ’ಯನ್ನು ತೆಗೆದುಕೊಂಡರೆ ಅದರ ಸಂಗಮದೂರ 20 ಸೆಂಟಿಮೀಟರು, ಶಕ್ತಿ 5 ಡಯಾಪ್ಟರ್. ಅಂತಹ ಎರಡು ಬೇಳೆಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ ‘ಕಾಳು’ ಮಾಡಿದರೆ ಸಂಗಮದೂರ 10 ಸೆಂಟಿಮೀಟರು, ಶಕ್ತಿ 10 ಡಯಾಪ್ಟರ್. ದಪ್ಪ ಇಮ್ಮಡಿಯಾದುದರಿಂದ ಶಕ್ತಿ ಇಮ್ಮಡಿಯಾಯಿತೆಂದು ಯಾರಾದರೂ ವಾದಿಸಬಹುದು. ಆದರೆ ಕಾರಣ ಅದಲ್ಲ. ಬಾಗಿದ ಮುಖಗಳು ಎರಡಾದುವು, ಅದೇ ಕಾರಣ. ಉಬ್ಬನ್ನು ಬದಲಿಸದೆ, ನಡುವೆ ಗಾಜನ್ನು ಸೇರಿಸಿ ಈ ಕಾಳಿನ ದಪ್ಪವನ್ನು 6 ಮಿಲಿಮೀಟರಿಗೆ ಏರಿಸಿದರೂ ಅದರ ಶಕ್ತಿ ಹೆಚ್ಚುವುದಿಲ್ಲ; 10 ಇದ್ದದ್ದು ಸುಮಾರು 9.9 ಆಗಿ ಕೂದಲೆಳೆಯಷ್ಟು ತಗ್ಗುತ್ತದೆ. ಹಾಗಾದರೆ ಬಲವಾದ ಪೀನ ಮಸೂರಗಳೆಲ್ಲ ದಪ್ಪವಾಗಿರುವುದೇಕೆ? ಉಬ್ಬು ಹೆಚ್ಚಿದಾಗ ನಡುವೆ ದಪ್ಪವಾಗದೆ ಬೇರೆ ದಾರಿಯಿಲ್ಲ. ದಪ್ಪವು ಉಬ್ಬಿನ ಪರಿಣಾಮವೇ ಹೊರತು ಶಕ್ತಿಯ ಕಾರಣವಲ್ಲ.

ಈ ಮಾತನ್ನು ಅಚ್ಚುಕಟ್ಟಾಗಿ ಉಪಯೋಗಕ್ಕೆ ತಂದವನು ಫ್ರಾನ್ಸಿನ ಫ್ರೆನೆಲ್. ದೀಪಸ್ತಂಭಗಳಿಗೆ ಬಹು ದೊಡ್ಡ ಮಸೂರಗಳು ಬೇಕಾಗಿದ್ದುವು. ಅವನ್ನು ಸಾಮಾನ್ಯ ರೀತಿಯಲ್ಲಿ ಮಾಡಿದರೆ ಗಾಜಿನ ಭಾರವೇ ಹೊರಲಾಗದಷ್ಟಾಗುತ್ತಿತ್ತು. ಬೆಳಕನ್ನು ಬಾಗಿಸುವುದು ಮುಖದ ಓರೆ ತಾನೆ? ಒಳಗಿನ ಗಾಜು ಏಕೆ ಬೇಕು? ಹೀಗೆಂದುಕೊಂಡು ಫ್ರೆನೆಲ್ ಒಳಗಿನ ಗಾಜನ್ನು ಬಿಟ್ಟು, ಉಬ್ಬಿದ ಮುಖವನ್ನು ಮಾತ್ರ ಬಳೆ ಬಳೆಯಾಗಿ ಕತ್ತರಿಸಿದಂತೆ ಒಂದೇ ಮಟ್ಟದಲ್ಲಿ ಜೋಡಿಸಿದನು. 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಇಂತಹ ಮಸೂರವನ್ನು ಮೊದಲಿಗೆ ಸ್ಥಾಪಿಸಲಾಯಿತು. ತೆಳ್ಳಗಿದ್ದೂ ದಪ್ಪ ಮಸೂರದ ಕೆಲಸವನ್ನು ಅದು ಮಾಡಿತು.

ಇಷ್ಟು ತಿಳಿದ ಮೇಲೆ ನಮ್ಮ ಕಣ್ಣನ್ನೇ ನೋಡೋಣ. ಬೆಳೆದವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರು ಉದ್ದ. ಹಿಂಭಾಗದಲ್ಲಿ ಅಕ್ಷಿಪಟವೆಂಬ ತೆರೆ. ಅದರ ಮೇಲೆ ಹೊರಗಿನ ದೃಶ್ಯದ ಬಿಂಬ ತಲೆಕೆಳಗಾಗಿ ಬೀಳುತ್ತದೆಂದು 1604ರಲ್ಲಿ ಕೆಪ್ಲರ್ ವಿವರಿಸಿದನು. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರನೇ ಈತ. ಈ ಬಿಂಬವನ್ನು ಮೂಡಿಸಲು ಕಣ್ಣಿಗೆ ಬೇಕಾದ ಶಕ್ತಿ ಒಟ್ಟು ಸುಮಾರು 60 ಡಯಾಪ್ಟರ್. ಇದೆಲ್ಲವನ್ನೂ ಒಳಗಿರುವ ಮಸೂರವೇ ಒದಗಿಸುತ್ತದೆಂದು ಬಹು ಮಂದಿ ತಿಳಿದಿದ್ದಾರೆ. ನಿಜವಾಗಿ ಸುಮಾರು 43 ಡಯಾಪ್ಟರುಗಳನ್ನು ಕಣ್ಣಿನ ಮುಂದಿರುವ, ಕೈಗಡಿಯಾರದ ಗಾಜಿನಂತೆ ಉಬ್ಬಿದ ಕಾರ್ನಿಯವೇ ಒದಗಿಸುತ್ತದೆ. ಅದು ನಡುವೆ ಅರ್ಧ ಮಿಲಿಮೀಟರಿನಷ್ಟೇ ದಪ್ಪ! ಅದರ ಹಿಂದಿರುವ ಮಸೂರ ಸುಮಾರು 4 ಮಿಲಿಮೀಟರು ದಪ್ಪವಾಗಿದ್ದರೂ ಅದರ ಪಾಲು ಸುಮಾರು ಮೂರರಲ್ಲೊಂದು ಭಾಗ ಮಾತ್ರ. ಕಾರ್ನಿಯದ ಮುಂದೆ ಗಾಳಿಯಿದೆ. ಮಸೂರದ ಸುತ್ತ ದ್ರವವಿದೆ. ವೇಗದ ವ್ಯತ್ಯಾಸ ಹೆಚ್ಚಿದ್ದಲ್ಲಿ ಬಾಗುವಿಕೆಯೂ ಹೆಚ್ಚು.

ಬಾವಿಯಲ್ಲಿಯೋ ಹೊಳೆಯಲ್ಲಿಯೋ ಮುಳುಗಿ ಕಣ್ಣು ಬಿಟ್ಟವರಿಗೆ ಇದರ ಸಾಕ್ಷ್ಯ ದೊರೆತಿರುತ್ತದೆ. ನೀರಿನಲ್ಲಿ ಎಲ್ಲವೂ ಮಬ್ಬು. ನೀರಿಗೂ ಕಣ್ಣೊಳಗಿನ ದ್ರವಕ್ಕೂ ವಕ್ರೀಭವನಾಂಕ ಹೆಚ್ಚು ಕಡಮೆ ಒಂದೇ ಆದುದರಿಂದ, ಉಬ್ಬು ಇದ್ದ ಹಾಗೇ ಇದ್ದರೂ ಕಾರ್ನಿಯ ಕೆಲಸ ನಿಲ್ಲಿಸಿಬಿಡುತ್ತದೆ. ಹಾಗಾದರೆ ಮೀನಿನ ಗತಿಯೇನು? ಅದರ ಕಣ್ಣಿನ ಮಸೂರ ಕಾಳಿನಂತಿರದೆ ಗೋಲಿಯಂತೆ ಪೂರ್ತಿ ಗುಂಡಾಗಿರುತ್ತದೆ. ಬೇಯಿಸಿದ ಮೀನಿನ ಕಣ್ಣಿನಲ್ಲಿ ಸಿಗುವ ಬಿಳಿಯ ಮಣಿಯೇ ಅದು. ಕಾರ್ನಿಯದಿಂದ ನಷ್ಟವಾದುದನ್ನು ಮಸೂರದ ಆಕಾರದಿಂದ ತುಂಬಿಕೊಳ್ಳುವ ಉಪಾಯವಿದು.

ನಮ್ಮ ಮಸೂರದ ಹಿರಿಮೆ ಬೇರೆಯದು. ಅದು ತನ್ನ ಆಕಾರವನ್ನು ಬದಲಿಸಬಲ್ಲುದು. ದೂರದ ಬೆಟ್ಟವನ್ನು ನೋಡುವಾಗ ಅದು ಚಪ್ಪಟೆಯಾಗಿರುತ್ತದೆ. ಪುಸ್ತಕವನ್ನು ನೋಡುವಾಗ ಸುತ್ತಲಿನ ಸ್ನಾಯು ಬಿಗಿದು, ಮಸೂರವನ್ನು ಎಳೆದಿರುವ ಎಳೆಗಳು ಸಡಿಲಿ, ಅದು ಉಬ್ಬಿಕೊಳ್ಳುತ್ತದೆ. ಹತ್ತಿರದ ನೋಟಕ್ಕೆ ಕಣ್ಣನ್ನು ಅಳವಡಿಸುವುದು ಮಸೂರವೇ ಎಂಬುದನ್ನು ಇಂಗ್ಲೆಂಡಿನ ಥಾಮಸ್ ಯಂಗ್ 1801ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟನು. ಹತ್ತು ವರ್ಷದ ಮಗು 7 ಸೆಂಟಿಮೀಟರು ಹತ್ತಿರದಲ್ಲಿಟ್ಟು ಓದಬಲ್ಲುದು. ಇಪ್ಪತ್ತರ ನಮಗೆ ಸುಮಾರು 10 ಸೆಂಟಿಮೀಟರು ಬೇಕು. ವಯಸ್ಸಾದಂತೆ ಮಸೂರ ಗಡುಸಾಗಿ ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತದೆ. ನಲವತ್ತು ದಾಟಿದವರು ಪತ್ರಿಕೆಯನ್ನು ಮಾರುದ್ದ ದೂರ ಹಿಡಿಯತೊಡಗುತ್ತಾರೆ. ಇದಕ್ಕೆ ‘ಚಾಳೀಸು’ ಎಂಬ ಹೆಸರು ಬಂದದ್ದೇ ನಲವತ್ತೆಂಬ ಅರ್ಥದ ಪದದಿಂದ. ಇದು ರೋಗವಲ್ಲ. ತಾನು ಉಬ್ಬಲಾರದ ಮಸೂರಕ್ಕೆ ಹೊರಗಿನಿಂದ ಉಬ್ಬಿದ ಗಾಜೊಂದನ್ನು ಸಾಲ ಕೊಡುವುದೇ ಚಾಳೀಸಿನ ಕನ್ನಡಕದ ಕೆಲಸ. ಇಟಲಿಯಲ್ಲಿ ಸುಮಾರು 1286ರಲ್ಲಿ ಹುಟ್ಟಿದ ಮೊದಲ ಕನ್ನಡಕಗಳು ಇದೇ ಜಾತಿಯವು. ನಿಮ್ನ ಮಸೂರದ ಕನ್ನಡಕ ಬರಲು ಹದಿನೈದನೆಯ ಶತಮಾನದವರೆಗೆ ಕಾಯಬೇಕಾಯಿತು. ದೂರಕ್ಕೊಂದು ಹತ್ತಿರಕ್ಕೊಂದು ಕನ್ನಡಕ ಬದಲಿಸಿ ಬೇಸತ್ತ ಬೆಂಜಮಿನ್ ಫ್ರಾಂಕ್ಲಿನ್ನನು ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಮೇಲೊಂದು ಕೆಳಗೊಂದು ಕೂಡಿಸಿಕೊಂಡಿದ್ದನು. 1784ರ ಕಾಗದವೊಂದರಲ್ಲಿ ಅದರ ಸುಖವನ್ನು ಹೇಳಿಕೊಂಡಿದ್ದಾನೆ.

ನಮ್ಮ ವಯಸ್ಸಿನವರನ್ನು ಕಾಡುವುದು ಸಮೀಪದೃಷ್ಟಿ. ಇದರಲ್ಲಿ ಸಾಮಾನ್ಯವಾಗಿ ಮಸೂರದ ತಪ್ಪೇನೂ ಇಲ್ಲ. ಕಣ್ಣುಗುಡ್ಡೆ ಅಗತ್ಯಕ್ಕಿಂತ ಕೊಂಚ ಉದ್ದವಾಗಿ ಬೆಳೆದಿರುತ್ತದೆ. ಒಂದು ಮಿಲಿಮೀಟರು ಉದ್ದ ಹೆಚ್ಚಿದರೆ ಸುಮಾರು 2.5ರಿಂದ 3 ಡಯಾಪ್ಟರಿನಷ್ಟು ನಂಬರು ಬರುತ್ತದೆ. ದೂರದ ಬಿಂಬ ಅಕ್ಷಿಪಟದ ಮೇಲೆ ಬೀಳದೆ ಅದರ ಮುಂದೆಯೇ ಬಿದ್ದುಬಿಡುತ್ತದೆ. −2 ನಂಬರಿನವನಿಗೆ ಅರ್ಧ ಮೀಟರಿನಾಚೆ ಇರುವುದೆಲ್ಲ ಮಬ್ಬು. −4ರವನಿಗೆ ಕಾಲು ಮೀಟರಿನಾಚೆ. ಹಾಗಿರುವಲ್ಲಿ ಕರಿಹಲಗೆಯ ಪಾಡೇನು? ಕಿರಣಗಳನ್ನು ತುಸು ಚೆದರಿಸಿ ಬಿಂಬವನ್ನು ಹಿಂದಕ್ಕೆ ತಳ್ಳಲು ನಿಮ್ನ ಮಸೂರ ಬೇಕು. ಕಣ್ಣುಗುಡ್ಡೆ ಗಿಡ್ಡವಾಗಿದ್ದರೆ ದೂರದೃಷ್ಟಿ. ಅದಕ್ಕೆ ಪೀನ ಮಸೂರ. ಕಾರ್ನಿಯದ ಉಬ್ಬು ಅಡ್ಡಕ್ಕೊಂದು ಉದ್ದಕ್ಕೊಂದು ಬಗೆಯಾಗಿದ್ದರೆ ಗೆರೆಗಳು ಒಂದು ದಿಕ್ಕಿನಲ್ಲಿ ಸ್ಪಷ್ಟವಾಗಿಯೂ ಇನ್ನೊಂದರಲ್ಲಿ ಮಬ್ಬಾಗಿಯೂ ಕಾಣುತ್ತವೆ. ಖಗೋಳಶಾಸ್ತ್ರಜ್ಞ ಏರಿ ಎಂಬಾತನು 1825ರಲ್ಲಿ ತನ್ನ ಎಡಗಣ್ಣಿನ ಈ ದೋಷಕ್ಕೆ ಸಿಲಿಂಡರ್ ಆಕಾರದಲ್ಲಿ ಬಾಗಿದ ಮಸೂರವನ್ನು ತಾನೇ ಲೆಕ್ಕ ಹಾಕಿ ಮಾಡಿಸಿಕೊಂಡನು. ಒಂದೊಂದು ದೋಷಕ್ಕೂ ಒಂದೊಂದು ಆಕಾರವೇ ಮದ್ದೆಂಬುದನ್ನು ಗಮನಿಸಬೇಕು.

ಇನ್ನು ಸೋಡಾಬುಡ್ಡಿಯ ಸರದಿ. −5 ನಂಬರಿನ ಸಾಮಾನ್ಯ ಗಾಜನ್ನು 50 ಮಿಲಿಮೀಟರು ಅಗಲವಾಗಿ ಕತ್ತರಿಸಿದರೆ ಅದರ ಅಂಚು ನಡುವಿಗಿಂತ ಸುಮಾರು 3.1 ಮಿಲಿಮೀಟರು ದಪ್ಪವಾಗಿರುತ್ತದೆ. ಅದೇ ನಂಬರನ್ನು 40 ಮಿಲಿಮೀಟರು ಅಗಲದ ಸಣ್ಣ ಚೌಕಟ್ಟಿಗೆ ಕತ್ತರಿಸಿದರೆ ಆ ವ್ಯತ್ಯಾಸ 2 ಮಿಲಿಮೀಟರಿಗೆ ಇಳಿಯುತ್ತದೆ. ಅಗಲ ಐದರಲ್ಲೊಂದು ಪಾಲು ತಗ್ಗಿದರೆ ದಪ್ಪ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಗಿ ತಗ್ಗಿತು! ಗಾಜಿನ ಬದಲು ವಕ್ರೀಭವನಾಂಕ 1.7 ಇರುವ ವಸ್ತುವನ್ನು ಬಳಸಿದರೆ 50 ಮಿಲಿಮೀಟರು ಅಗಲದಲ್ಲಿಯೂ ಅದು 2.2 ಮಿಲಿಮೀಟರಿನಷ್ಟೇ, ಬೆಳಕನ್ನು ಹೆಚ್ಚು ನಿಧಾನಗೊಳಿಸುವ ವಸ್ತುವಿಗೆ ಕಡಮೆ ತಗ್ಗು ಸಾಕು. ಮೂರರಲ್ಲಿಯೂ ಕಣ್ಣು ಒಂದೇ, ನಂಬರು ಒಂದೇ, ನೋಟ ಒಂದೇ. ಹಾಗಾದರೆ ದಪ್ಪವನ್ನು ನೋಡಿ ಕಣ್ಣನ್ನು ಅಳೆಯುವುದು ಎಷ್ಟರ ಮಟ್ಟಿನ ನ್ಯಾಯ? ಅದರಲ್ಲಿ ಚೌಕಟ್ಟಿನ ಅಗಲವಿದೆ, ಗಾಜಿನ ಜಾತಿಯಿದೆ, ಕೊಳ್ಳುವವನ ಜೇಬೂ ಇದೆ. ಹೆಚ್ಚು ವಕ್ರೀಭವನಾಂಕದ ಗಾಜಿಗೆ ಬೆಲೆ ಹೆಚ್ಚು. ಸೋಡಾಬುಡ್ಡಿಯೆಂದು ನಗುವವನು ಎಷ್ಟೋ ಸಲ ಗೆಳೆಯನ ಬಡತನವನ್ನು ನೋಡಿ ನಗುತ್ತಿರುತ್ತಾನೆ.

ದಪ್ಪ ಕನ್ನಡಕದ ಇನ್ನೊಂದು ಕಥೆಯನ್ನು ಹೇಳದೆ ಈ ಲೇಖನ ಪೂರ್ಣವಾಗದು. ಮುಪ್ಪಿನಲ್ಲಿ ಕಣ್ಣಿನ ಮಸೂರ ಮಸುಕಾಗುವುದೇ ಪೊರೆ. ಕನ್ನಡನಾಡಿನಲ್ಲಿ ಬೀಳಗಿಯ ಡಾಕ್ಟರ್ ಎಂ. ಸಿ. ಮೋದಿಯವರು ಊರೂರುಗಳಲ್ಲಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿ ಲಕ್ಷಾಂತರ ಬಡವರಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರು. 1968ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಮಸೂರವನ್ನು ತೆಗೆದುಹಾಕಿದ ಮೇಲೆ ಆ ಜಾಗ ಖಾಲಿ. ಕಳೆದ ಶಕ್ತಿಯನ್ನು ತುಂಬಲು +10ರ ಆಸುಪಾಸಿನ ದಪ್ಪ ಕನ್ನಡಕ ಬೇಕಾಗುತ್ತಿತ್ತು. ಅದರಲ್ಲಿ ವಸ್ತುಗಳು ಸುಮಾರು ಕಾಲುಭಾಗದಷ್ಟು ದೊಡ್ಡದಾಗಿ, ಹತ್ತಿರವಿದ್ದಂತೆ ಕಾಣುತ್ತಿದ್ದುವು. ಮೆಟ್ಟಿಲಿಳಿಯುವಾಗ ಮುದುಕರು ಕಾಲನ್ನು ತಡವಿ ಇಡುತ್ತಿದ್ದುದು ಅದಕ್ಕೇ. ಆ ಗಾಜು ಕಣ್ಣಿನ ಹೊರಗೆ ಕುಳಿತದ್ದೇ ತೊಡಕಿನ ಮೂಲ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯನು ಕಣ್ಣಿನ ಒಳಗೇ ಕೃತಕ ಮಸೂರವನ್ನು ಕೂಡಿಸಿದನು. ಯುದ್ಧ ವಿಮಾನಗಳ ಅಕ್ರಿಲಿಕ್ ಚೂರುಗಳು ಪೈಲಟ್ಟುಗಳ ಕಣ್ಣೊಳಗೆ ಹೊಕ್ಕರೂ ಉರಿಯೂತ ತಾರದೆ ಉಳಿದದ್ದನ್ನು ಕಂಡು ಆತನಿಗೆ ಈ ವಸ್ತುವಿನ ಯೋಚನೆ ಹೊಳೆದಿತ್ತು. ಈಗ ಪೊರೆ ತೆಗೆದ ಕೂಡಲೇ ಒಳಗೆ ಮಸೂರವನ್ನು ಕೂಡಿಸುವುದು ವಾಡಿಕೆ. ಕಾಳಿಗಿಂತ ತುಸು ದೊಡ್ಡದಾದ ಒಂದು ತೆಳು ಬಿಲ್ಲೆ ಆ ದಪ್ಪ ಕನ್ನಡಕದ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತಿದೆ.

ಕನ್ನಡಕ ಹಾಕಿದರೆ ನಂಬರು ಏರುತ್ತದೆಂಬ ಮಾತನ್ನು ಮನೆಮನೆಯಲ್ಲಿ ಕೇಳುತ್ತೇವೆ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಉದ್ದವಾಗುತ್ತ ಹೋಗುವುದರಿಂದ ನಂಬರು ಏರುತ್ತದೆಯೇ ಹೊರತು ಮೂಗಿನ ಮೇಲಿನ ಗಾಜಿನಿಂದಲ್ಲ. ಬಯಲಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಂಭವ ಕಡಮೆಯೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಹೆಣ್ಣುಮಕ್ಕಳಿಗಂತೂ ಮದುವೆಯ ಮಾತುಕತೆ ಮುಗಿಯುವವರೆಗೆ ಕನ್ನಡಕವೇ ಬೇಡವೆನ್ನುವ ಮನೆಗಳುಂಟು. ಅಷ್ಟು ವರ್ಷ ಆ ಹುಡುಗಿ ಕರಿಹಲಗೆಯನ್ನೂ ಬಸ್ಸಿನ ಬೋರ್ಡನ್ನೂ ಊಹೆಯಿಂದಲೇ ಓದಬೇಕು. ಇಂತಹವರನ್ನು ತರಗತಿಯಲ್ಲಿ ಮಂದಮತಿಗಳೆಂದು ಎಣಿಸುವುದೂ ಉಂಟು. ಪ್ರಶ್ನೆ ಕಾಣದವನು ಉತ್ತರ ಹೇಗೆ ಹೇಳಿಯಾನು?

ಆದುದರಿಂದ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ: ಹಿಂದಿನ ಬೆಂಚಿನವನು ಕಣ್ಣು ಕಿರಿದುಮಾಡಿ ನೋಡುತ್ತಿದ್ದರೆ ಅವನನ್ನು ಗದರಿಸುವ ಮೊದಲು ಮುಂದಿನ ಬೆಂಚಿಗೆ ಕರೆದು ಕೂರಿಸಿ, ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಬೇಕು. ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ಒಂದು ಕಣ್ಣನ್ನು ಮುಚ್ಚಿಕೊಂಡು ಹಿಂದಿನ ಬೆಂಚಿನಿಂದ ಕರಿಹಲಗೆಯನ್ನು ಓದಿ, ಬಳಿಕ ಇನ್ನೊಂದನ್ನು ಮುಚ್ಚಿ ಓದಿ. ಎರಡರಲ್ಲಿ ಒಂದು ಮಬ್ಬಾಗಿದ್ದರೂ ಸರಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ ತೋರಿಸಿಕೊಳ್ಳಿ. ಜೇಬಿನಲ್ಲಿ ಕನ್ನಡಕವಿರುವವರು ಅದನ್ನು ತೆಗೆದು ಹಾಕಿಕೊಳ್ಳಿ. ಅದು ತೆಳುವೋ ದಪ್ಪವೋ ಎಂಬ ಚಿಂತೆ ಬೇಡ. ಅಕ್ಷರ ಅಕ್ಷಿಪಟದ ಮೇಲೆ ಸರಿಯಾದ ಜಾಗದಲ್ಲಿ ಬಿದ್ದರೆ ಸಾಕು.